ರಸ್ತೆ ಬದಿಯ ಡಿಜಿಟಲ್ ಜಾಹೀರಾತು ಬೋರ್ಡ್: ಪಕ್ಕದ ಸೀಟಿನಿಂದ ಕಂಡಂತೆ

ಮೊಬೈಲಿಗೆ, ಟೈರಿಗೆ, ಹೆಲ್ಮೆಟ್ಟಿಗೆ ವಿಮರ್ಶೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ರಸ್ತೆ ಬದಿಯಲ್ಲಿ ಕಂಬದ ಮೇಲೆ ಹೊಳೆಯುವ ಎಲ್‌ಇಡಿ ಜಾಹೀರಾತು ಬೋರ್ಡ್‌ಗೆ ಯಾರೂ ಬರೆದದ್ದನ್ನು ನಾನು ನೋಡಿಲ್ಲ. ಅದಕ್ಕೆ ಹಣ ಕೊಡುವವರು ಬೇರೆ, ಅದನ್ನು ನೋಡುವವರು ಬೇರೆ. ನೋಡುವವರು ನಾವು, ಅದೂ ಸ್ಟೀರಿಂಗ್ ಹಿಡಿದುಕೊಂಡು. ಹಾಗಾಗಿ ಈ ವಿಮರ್ಶೆ ಗಾಡಿ ಓಡಿಸುವವರ ಕಡೆಯಿಂದ.

ನಾನು ಡ್ರೈವಿಂಗ್ ಹೇಳಿಕೊಡುವವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುತ್ತೇನೆ. ನನ್ನ ಕಾಲ ಬಳಿಯೂ ಒಂದು ಬ್ರೇಕ್, ಒಂದು ಕ್ಲಚ್ ಇದೆ. ಮುಂದಿನ ಗಾಜಿಗೆ ಒಂದು ಚಿಕ್ಕ ಕನ್ನಡಿ ಅಂಟಿಸಿಕೊಂಡಿದ್ದೇನೆ. ಅದು ಹಿಂದಿನ ಗಾಡಿ ನೋಡುವುದಕ್ಕಲ್ಲ, ಓಡಿಸುತ್ತಿರುವವರ ಕಣ್ಣು ನೋಡುವುದಕ್ಕೆ. ಕೈ ಏನು ಮಾಡುತ್ತಿದೆ ಎಂದು ನೋಡುವುದಕ್ಕಿಂತ ಕಣ್ಣು ಎಲ್ಲಿದೆ ಎಂದು ನೋಡಿದರೆ ಮುಂದೆ ಏನಾಗುತ್ತದೆ ಎಂದು ಬೇಗ ಗೊತ್ತಾಗುತ್ತದೆ. ಬೋರ್ಡ್ ಹತ್ತಿರ ಬಂದಾಗ ಕಣ್ಣು ಏನು ಮಾಡುತ್ತದೆ ಎನ್ನುವುದು ನನಗೆ ದಿನವೂ ಕಾಣುವ ವಿಷಯ.

ನಾವು ಓಡಾಡುವ ದಾರಿಯಲ್ಲಿ ಇಂಥ ಬೋರ್ಡ್‌ಗಳು ಮೂರಿವೆ. ಒಂದು ದೊಡ್ಡ ವೃತ್ತದಲ್ಲಿ. ಇನ್ನೊಂದು ಅದನ್ನು ದಾಟಿದ ಮೇಲೆ ಬರುವ ನೇರ ರಸ್ತೆಯಲ್ಲಿ. ಮೂರನೆಯದು ಬಸ್ ತಂಗುದಾಣದ ಒಳಗೆ, ಆಳೆತ್ತರದ ಪರದೆ. ಮೂರೂ ಹೆಚ್ಚುಕಡಿಮೆ ಒಂದೇ ಬಗೆಯ ಸಾಮಾನು. ಆದರೆ ಅವುಗಳ ಮುಂದೆ ಕಾರು ನಡೆದುಕೊಳ್ಳುವ ರೀತಿಯೇ ಬೇರೆ ಬೇರೆ.

ಮೊದಲು ವೃತ್ತದ್ದು. ನಾಲ್ಕು ಕಡೆಯಿಂದ ಗಾಡಿ, ನಡುವೆ ದಾಟುವ ಜನ, ಲೇನ್ ಬದಲಿಸುವ ಬಸ್ಸು. ಕಲಿಯುವವರಿಗೆ ಇದಕ್ಕಿಂತ ಕಷ್ಟದ ಜಾಗ ನಮ್ಮ ದಾರಿಯಲ್ಲಿ ಇಲ್ಲ. ಬೋರ್ಡ್ ನಿಂತಿರುವುದು ಸರಿಯಾಗಿ ಸಿಗ್ನಲ್‌ನ ಹಿಂದೆ, ಸ್ವಲ್ಪ ಎತ್ತರದಲ್ಲಿ. ದೂರದಿಂದ ಬರುವಾಗ ಸಿಗ್ನಲ್ ದೀಪಗಳು ಬೋರ್ಡಿನ ಒಳಗೇ ಇರುವ ಹಾಗೆ ಕಾಣುತ್ತವೆ. ಕೆಂಪು ಹಿನ್ನೆಲೆಯ ಜಾಹೀರಾತು ಬಂದರೆ ಕೆಂಪು ದೀಪ ಅದರಲ್ಲಿ ಕರಗಿಹೋಗುತ್ತದೆ. ಒಂದು ಸಂಜೆ ಇಡೀ ಪರದೆ ಹಸಿರಾಯಿತು. ಮೊದಲ ಗೇರಿನಲ್ಲಿ ಕಾದಿದ್ದ ಹುಡುಗಿ ಕ್ಲಚ್ ಬಿಡುತ್ತಾ "ಮೇಡಂ, ಸಿಗ್ನಲ್ ಬಿಡ್ತಾ?" ಎಂದು ಕೇಳಿದಳು. ಬಿಟ್ಟಿರಲಿಲ್ಲ. ನನ್ನ ಕಡೆಯ ಬ್ರೇಕ್ ಒತ್ತಿ ಹಿಡಿದೆ. ಅಡ್ಡ ರಸ್ತೆಯಿಂದ ಗಾಡಿಗಳು ಇನ್ನೂ ಹೋಗುತ್ತಲೇ ಇದ್ದವು.

ಇನ್ನೊಂದು ಸಲ ಅದರಲ್ಲಿ ಒಂದು ಮಾರಾಟದ ಜಾಹೀರಾತು ಬರುತ್ತಿತ್ತು. ಕೊಡುಗೆ ಮುಗಿಯಲು ಇನ್ನೆಷ್ಟು ಹೊತ್ತು ಎಂದು ಸೆಕೆಂಡುಗಳು ಇಳಿಯುತ್ತಿದ್ದವು. ಪಕ್ಕದಲ್ಲೇ ಸಿಗ್ನಲ್‌ನ ಸೆಕೆಂಡುಗಳೂ ಇಳಿಯುತ್ತಿದ್ದವು. ಎರಡು ಅಂಕಿ, ಎರಡೂ ಕೆಂಪು. ಯಾವುದು ತನ್ನದು ಎಂದು ಹುಡುಕುವ ಕೆಲಸವನ್ನು ಗಾಡಿ ಓಡಿಸುವವರಿಗೆ ಯಾಕೆ ಕೊಡಬೇಕು? ಅದೇ ಬೋರ್ಡಿನಲ್ಲಿ ಕ್ಯೂಆರ್ ಕೋಡ್ ಬಂದದ್ದನ್ನೂ ನೋಡಿದ್ದೇನೆ, "ಈಗಲೇ ಸ್ಕ್ಯಾನ್ ಮಾಡಿ" ಎಂಬ ಸಾಲಿನ ಜೊತೆ. ಮುಂದೆ ನಿಂತಿದ್ದ ಸ್ಕೂಟರಿನವರು ಜೇಬಿನಿಂದ ಫೋನ್ ತೆಗೆದೇ ಬಿಟ್ಟರು. ಓಡಿಸುವಾಗ ಫೋನ್ ಮುಟ್ಟಬೇಡಿ ಎಂದು ನಾವು ಬಾಯಿ ನೋಯುವಷ್ಟು ಹೇಳುತ್ತೇವೆ. ಇಲ್ಲಿ ಕಂಬದ ಮೇಲಿಂದ ಫೋನ್ ತೆಗೆಯಿರಿ ಅನ್ನುತ್ತಾರೆ.

"ನೋಡದೇ ಇದ್ದರಾಯಿತು, ಅಲ್ವಾ?" ಎಂದು ತುಂಬಾ ಜನ ಹೇಳುತ್ತಾರೆ. ನನಗೆ ಈ ಮಾತು ಕೇಳಿದರೆ ಬೇಸರವಾಗುತ್ತದೆ. ಕಣ್ಣಿನ ಅಂಚಿನಲ್ಲಿ ಏನಾದರೂ ಅಲುಗಿದರೆ, ತಟ್ಟನೆ ಬೆಳಗಿದರೆ, ಕಣ್ಣು ತಾನಾಗಿಯೇ ಆ ಕಡೆ ತಿರುಗುತ್ತದೆ. ನಾವು ತೀರ್ಮಾನ ಮಾಡುವ ಮುಂಚೆಯೇ ತಿರುಗಿರುತ್ತದೆ. ಆ ಗುಣ ನಮಗೆ ಬೇಕು ಕೂಡ. ನಿಂತ ಬಸ್ಸಿನ ಮರೆಯಿಂದ ಮಗು ಓಡಿ ಬಂದರೆ ಮೊದಲು ಕಾಣುವುದು ಕಣ್ಣಿನ ಅಂಚಿಗೇ. ನಾನು ಕಲಿಸುವುದರಲ್ಲಿ ಅರ್ಧ ಭಾಗ ಅದೇ: ಮುಂದಿನ ಬಂಪರಿಗೆ ಕಣ್ಣು ನೆಡಬೇಡಿ, ಎಡಬಲ ಗಮನ ಇರಲಿ, ಏನಾದರೂ ಸರಿದರೆ ತಕ್ಷಣ ನೋಡಿ. ಚೆನ್ನಾಗಿ ಕಲಿತವರು ಹಾಗೇ ಮಾಡುತ್ತಾರೆ. ಬೋರ್ಡ್ ಚಿತ್ರ ಬದಲಿಸಿದಾಗಲೂ ಅವರ ಕಣ್ಣು ಹಾಗೇ ತಿರುಗುತ್ತದೆ. ನಾನು ಕಷ್ಟಪಟ್ಟು ಬೆಳೆಸಿದ ಅಭ್ಯಾಸವನ್ನೇ ಆ ಬೋರ್ಡ್ ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಓಡಿಸುವವರಿಗೆ ಶಿಸ್ತು ಇಲ್ಲ ಎಂದು ಬೈದರೆ ಇದು ಸರಿಹೋಗುವುದಿಲ್ಲ.

ಹಾಗಂತ ಪ್ರತಿ ನೋಟವೂ ಅಪಾಯ ಅಲ್ಲ. ಅರ್ಧ ಸೆಕೆಂಡ್ ನೋಡಿ ವಾಪಸ್ ಬಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತೊಂದರೆ ಶುರುವಾಗುವುದು ಕಣ್ಣು ಅಲ್ಲೇ ನಿಂತಾಗ. ಅಮೆರಿಕದಲ್ಲಿ ವಿಶ್ವವಿದ್ಯಾಲಯವಾದ ವರ್ಜೀನಿಯಾ ಟೆಕ್‌ನವರು 100 ಕಾರುಗಳಿಗೆ ಕ್ಯಾಮೆರಾ, ಸೆನ್ಸರ್ ಕೂರಿಸಿ, ಜನ ದಿನನಿತ್ಯ ಹೇಗೆ ಓಡಿಸುತ್ತಾರೋ ಹಾಗೇ ಓಡಿಸಲು ಬಿಟ್ಟು, ಸುಮಾರು ಒಂದು ವರ್ಷದ ದಾಖಲೆ ನೋಡಿದರು. ಅದರ ವಿಶ್ಲೇಷಣೆ 2006ರಲ್ಲಿ ಬಂತು. ಕಣ್ಣು 2 ಸೆಕೆಂಡಿಗಿಂತ ಜಾಸ್ತಿ ಹೊತ್ತು ರಸ್ತೆ ಬಿಟ್ಟಿದ್ದರೆ ಅಪಘಾತವಾಗುವ, ಅಥವಾ ಕೂದಲೆಳೆಯಲ್ಲಿ ತಪ್ಪುವ ಸಂಭವ ಕಡಿಮೆ ಎಂದರೂ ಎರಡು ಪಟ್ಟಾಗುತ್ತದೆ ಎಂದು ಅದರಲ್ಲಿ ಕಂಡಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 2 ಸೆಕೆಂಡ್ ಅಂದರೆ 33 ಮೀಟರ್. ಅಷ್ಟು ದೂರ ಗಾಡಿ ತನ್ನ ಪಾಡಿಗೆ ತಾನು ಹೋಗಿರುತ್ತದೆ.

ಜಾಹೀರಾತಿನವರು ಹೇಳುವುದನ್ನೂ ಕೇಳಬೇಕು. ಅಮೆರಿಕದ ಹೆದ್ದಾರಿ ಇಲಾಖೆ ರೆಡಿಂಗ್ ಮತ್ತು ರಿಚ್‌ಮಂಡ್ ನಗರಗಳಲ್ಲಿ ಚಾಲಕರ ಕಣ್ಣಿನ ಚಲನೆ ಅಳೆಸಿತ್ತು. ಅಲ್ಲಿ ಡಿಜಿಟಲ್ ಬೋರ್ಡ್ ಮೇಲಿನ ಒಂದು ನೋಟ ಸರಾಸರಿ 0.4 ಸೆಕೆಂಡ್ ಕೂಡ ಇರಲಿಲ್ಲ. ಬೋರ್ಡ್ ಪರವಾಗಿ ಮಾತಾಡುವವರು ಇದನ್ನೇ ಮುಂದಿಡುತ್ತಾರೆ. ಆದರೆ ಸ್ವೀಡನ್‌ನಲ್ಲಿ ಬೇರೆ ರೀತಿ ಬಂತು. ಸ್ಟಾಕ್‌ಹೋಮ್ ಹತ್ತಿರದ ರಸ್ತೆಯಲ್ಲಿ 41 ಚಾಲಕರನ್ನು ನೋಡಿದರು, ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಬೇರೆ ಫಲಕಗಳಿಗಿಂತ ಎಲೆಕ್ಟ್ರಾನಿಕ್ ಬೋರ್ಡ್ ಮೇಲೆ ಕಣ್ಣು ಜಾಸ್ತಿ ಸಲ, ಜಾಸ್ತಿ ಹೊತ್ತು ನಿಂತಿತ್ತು. ಪ್ರಯೋಗಕ್ಕೆಂದು ಹಾಕಿದ್ದ ಆ ಬೋರ್ಡ್‌ಗಳನ್ನು ಅಲ್ಲಿನವರು ತೆಗೆಸಿದರು. 2016ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರ ಅಧ್ಯಯನ ಬಂತು. ನನಗೆ ಹೆಚ್ಚು ಹತ್ತಿರವಾದದ್ದು ಅದು. ಕಣ್ಣು ಬೋರ್ಡ್ ಕಡೆ ಹೋಗುವುದು ಒಂದು ಜಾಹೀರಾತು ಹೋಗಿ ಇನ್ನೊಂದು ಬರುವ ಹೊತ್ತಿನಲ್ಲೇ ಎದ್ದು ಕಂಡಿತ್ತು.

ಕನ್ನಡಿಯಲ್ಲಿ ನನಗೆ ಕಾಣುವುದೂ ಅದೇ. ನಿಂತ ಚಿತ್ರದ ಮೇಲೆ ಕಣ್ಣು ಹಾದು ಹೋಗುತ್ತದೆ, ವಾಪಸ್ ರಸ್ತೆಗೆ ಬರುತ್ತದೆ. ಚಿತ್ರ ಬದಲಾದರೆ ಮತ್ತೆ ಹೋಗುತ್ತದೆ. ಸರಾಸರಿಯ ಲೆಕ್ಕದಲ್ಲಿ ನನಗೆ ಸಮಾಧಾನ ಇಲ್ಲ. ನೂರು ಚಿಕ್ಕ ನೋಟಗಳ ನಡುವೆ ಒಂದೇ ಒಂದು ಉದ್ದದ ನೋಟ ಇದ್ದರೆ ಸರಾಸರಿ ಚೆನ್ನಾಗಿಯೇ ಬರುತ್ತದೆ, ಮುಂದಿನ ಗಾಡಿಗೆ ಗುದ್ದುವುದು ಆ ಒಂದರಲ್ಲಿ. ಮೇಲಾಗಿ ಗುದ್ದಿದ ಮೇಲೆ "ನಾನು ಜಾಹೀರಾತು ನೋಡುತ್ತಿದ್ದೆ" ಎಂದು ಯಾರು ಬರೆಸುತ್ತಾರೆ? ಎದುರಿನವರು ಸಡನ್ನಾಗಿ ಬ್ರೇಕ್ ಹಾಕಿದರು ಎಂದೇ ಬರೆಸುತ್ತಾರೆ.

ಈಗ ಬೆಳಕಿನ ವಿಷಯ. ಹಗಲಲ್ಲಿ ಬಿಸಿಲಿಗೆ ಎದುರಾಗಿ ಕಾಣಬೇಕಾದರೆ ಈ ಬೋರ್ಡ್‌ಗಳು ಸಾವಿರಾರು ನಿಟ್ಸ್ (ಪರದೆಯ ಹೊಳಪಿನ ಅಳತೆ) ಬೆಳಕು ಕೊಡಬೇಕು. ಹೊರಾಂಗಣದ ಬೋರ್ಡ್‌ಗೆ 5,000 ನಿಟ್ಸ್ ಸಾಮಾನ್ಯ. ರಾತ್ರಿ ಅದರ ಚಿಕ್ಕ ಪಾಲು, ಸುಮಾರು 300 ನಿಟ್ಸ್ ಇದ್ದರೂ ಸ್ಪಷ್ಟವಾಗಿ ಓದಬಹುದು. ಅಮೆರಿಕದ ಹೊರಾಂಗಣ ಜಾಹೀರಾತು ಉದ್ಯಮದವರೇ ತಮಗೊಂದು ಮಿತಿ ಹಾಕಿಕೊಂಡಿದ್ದಾರೆ. ಬೋರ್ಡಿನಿಂದಾಗಿ ಸುತ್ತಲಿನ ಬೆಳಕು ಹೆಚ್ಚೆಂದರೆ 0.3 ಫುಟ್‌ಕ್ಯಾಂಡಲ್, ಅಂದರೆ ಸುಮಾರು 3 ಲಕ್ಸ್ ಜಾಸ್ತಿ ಆಗಬಹುದು (ಎರಡೂ ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆಗಳು). ಬೋರ್ಡ್ ಎಷ್ಟು ದೊಡ್ಡದು ಎಂಬುದರ ಮೇಲೆ ಎಷ್ಟು ದೂರದಿಂದ ಅಳೆಯಬೇಕು ಎಂದೂ ಹೇಳಿದ್ದಾರೆ. ಅಂದರೆ ಇದು ಆಗದ ಕೆಲಸವಲ್ಲ.

ವೃತ್ತದ ಬೋರ್ಡ್ ರಾತ್ರಿ ಹೇಗಿತ್ತು ಎಂದರೆ, ಅದು ಬಣ್ಣ ಬದಲಿಸಿದಾಗ ನಮ್ಮ ಡ್ಯಾಶ್‌ಬೋರ್ಡಿನ ಬಣ್ಣವೂ ಬದಲಾಗುತ್ತಿತ್ತು. ಬಿಳಿ ಹಿನ್ನೆಲೆಯ ಜಾಹೀರಾತು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಬಿಳಿ ಬರಬೇಕಾದರೆ ಕೆಂಪು, ಹಸಿರು, ನೀಲಿ ಮೂರೂ ದೀಪ ಒಟ್ಟಿಗೆ ಉರಿಯಬೇಕು. ಅರವತ್ತು ದಾಟಿದ ಒಬ್ಬರು ನನ್ನ ಹತ್ತಿರ ರಾತ್ರಿ ಓಡಿಸುವ ಅಭ್ಯಾಸಕ್ಕೆ ಬರುತ್ತಿದ್ದರು. ತುಂಬಾ ಜಾಗ್ರತೆಯ ಮನುಷ್ಯ. ಬಿಳಿ ಪರದೆ ಬಂದಾಗ ಅವರ ಕಾಲು ಆಕ್ಸಿಲರೇಟರ್‌ನಿಂದ ಎದ್ದುಬಿಟ್ಟಿತು. "ಒಂದು ಗಳಿಗೆ ಮುಂದೆ ಏನೂ ಕಾಣಲಿಲ್ಲಮ್ಮ" ಎಂದರು. ಆ ಗಳಿಗೆಯಲ್ಲಿ ಜೀಬ್ರಾ ಪಟ್ಟೆಯ ಮೇಲೆ ಕಪ್ಪು ಬಟ್ಟೆಯವರೊಬ್ಬರು ದಾಟುತ್ತಿದ್ದರು. ನನಗೆ ಕಂಡರು, ಅವರಿಗೆ ಕಾಣಲಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗುತ್ತದೆ. ಜೋರು ಬೆಳಕು ಬಿದ್ದರೆ ಅದು ಕಣ್ಣಿನ ಒಳಗೇ ಚದುರಿ, ಎದುರಿನ ದೃಶ್ಯದ ಮೇಲೆ ಮಂಜಿನ ತೆರೆ ಎಳೆದ ಹಾಗಾಗುತ್ತದೆ. ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಎಳೆಯರಿಗಿಂತ ಜಾಸ್ತಿ ಹೊತ್ತು ಬೇಕು. ಇದು ಅವರ ಓಡಿಸುವ ಕೌಶಲದ ಕೊರತೆ ಅಲ್ಲವೇ ಅಲ್ಲ.

ಇಂಥ ಬೋರ್ಡ್‌ಗಳ ರಿಪೇರಿ ಮಾಡುವ ಒಬ್ಬ ಹುಡುಗ ನನ್ನ ಹತ್ತಿರ ಡ್ರೈವಿಂಗ್ ಕಲಿತ. ಪಾಠ ಮುಗಿದ ಮೇಲೆ ನಾನು ಅವನಿಂದ ಪಾಠ ಹೇಳಿಸಿಕೊಂಡೆ. ಬೋರ್ಡಿನ ಮೇಲೆ ಒಂದು ಲೈಟ್ ಸೆನ್ಸರ್ ಇರುತ್ತದಂತೆ. ಕತ್ತಲಾದರೆ ಅದು ಬೆಳಕು ತಾನಾಗಿ ಇಳಿಸಬೇಕು. ಸೆನ್ಸರ್ ಮೇಲೆ ಧೂಳು ಕೂತರೆ ಅದು ಹಗಲನ್ನೇ ಕತ್ತಲು ಅಂದುಕೊಳ್ಳುತ್ತದೆ. ಬೋರ್ಡ್ ಮಂಕಾಗುತ್ತದೆ, ಜಾಹೀರಾತು ಕೊಟ್ಟವರು ಫೋನ್ ಮಾಡಿ ಕೂಗಾಡುತ್ತಾರೆ. "ಏಣಿ ಹತ್ತಿ ಸೆನ್ಸರ್ ಒರೆಸೋ ಬದಲು ಕೆಲವರು ಆಫೀಸಲ್ಲೇ ಕೂತು ಆಟೋ ತೆಗೆದು ಫುಲ್‌ಗೆ ಇಟ್ಟುಬಿಡ್ತಾರೆ ಮೇಡಂ" ಎಂದ. ಹಗಲಿಗೆ ಸರಿಯಾಯಿತು. ರಾತ್ರಿಯೂ ಅದು ಹಾಗೇ ಉರಿಯುತ್ತದೆ. ಇಷ್ಟು ಸಣ್ಣ ಕಾರಣಕ್ಕೆ ಒಂದು ವೃತ್ತದಲ್ಲಿ ಓಡಾಡುವ ಎಲ್ಲರ ಕಣ್ಣಿಗೆ ತೊಂದರೆ ಎಂದು ಕೇಳಿ ನನಗೆ ನಿಜಕ್ಕೂ ಸಿಟ್ಟು ಬಂತು.

ಕೆಟ್ಟುಹೋದಾಗ ಬೋರ್ಡ್ ಏನು ಮಾಡಬೇಕು ಎಂಬುದನ್ನೂ ಅವನೇ ಹೇಳಿದ. ಒಂದು ಭಾಗ ಹಾಳಾದರೆ ಪರದೆ ಪೂರ್ತಿ ಆರಬೇಕು, ಇಲ್ಲವೇ ಒಂದೇ ಚಿತ್ರದಲ್ಲಿ ನಿಲ್ಲಬೇಕು. ಹಾಗೆ ಹೊಂದಿಸಿಡಲು ಬರುತ್ತದೆ. ವೃತ್ತದ ಬೋರ್ಡ್ ಒಂದು ಮಳೆಗಾಲದ ರಾತ್ರಿ ಕಾಲು ಭಾಗ ಪಟಪಟ ಮಿನುಗುತ್ತಲೇ ಇತ್ತು. ಯಾರೂ ಆರಿಸಲಿಲ್ಲ. ದೂರದಿಂದ ಅದು ಪೊಲೀಸ್ ಗಾಡಿಯ ದೀಪದಂತೆ ಕಂಡು, ಬಲಗಡೆಯ ಲೇನಿನ ಎಲ್ಲರೂ ವೇಗ ಇಳಿಸುತ್ತಿದ್ದರು.

ಎರಡನೆಯ ಬೋರ್ಡ್‌ಗೆ ಬರೋಣ. ನೇರ ರಸ್ತೆ, ತಿರುವಿಲ್ಲ, ಸಿಗ್ನಲ್ ಇಲ್ಲ, ದಾಟುವವರು ಕಡಿಮೆ. ಬೋರ್ಡ್ ರಸ್ತೆಯ ಅಂಚಿನಿಂದ ಸಾಕಷ್ಟು ಒಳಗಿದೆ. ವಿಡಿಯೋ ಇಲ್ಲ, ಬರೀ ನಿಂತ ಚಿತ್ರ. ಒಂದು ಚಿತ್ರ ಹೋಗಿ ಇನ್ನೊಂದು ಬರುವಾಗ ಜಾರುವುದು, ತಿರುಗುವುದು, ಮಿಂಚುವುದು ಯಾವುದೂ ಇಲ್ಲ, ಸುಮ್ನೆ ಬದಲಾಗುತ್ತದೆ. ಕತ್ತಲಾದ ಮೇಲೆ ಎಷ್ಟು ಇಳಿಸುತ್ತಾರೆ ಎಂದರೆ ಪಕ್ಕದ ಬೀದಿದೀಪದ ಕೆಳಗಿನ ಮರವೂ ಕಾಣುತ್ತದೆ, ಬೋರ್ಡೂ ಓದಬಹುದು. ಅಕ್ಷರ ದೊಡ್ಡದು, ಮಾತು ಕಡಿಮೆ. ಕಲಿಯುವವರ ಕಣ್ಣು ಅಲ್ಲಿಗೂ ಹೋಗುತ್ತದೆ, ಹೋಗುವುದಿಲ್ಲ ಎಂದು ಹೇಳಲಾರೆ. ಆದರೆ ಹೋಗಿ ಬರುತ್ತದೆ. ಗಾಡಿ ಲೇನಿನಲ್ಲೇ ಇರುತ್ತದೆ. ಜಾಹೀರಾತು ನೆನಪಿದೆಯಾ ಎಂದು ಆಮೇಲೆ ಕೇಳಿದರೆ ಹೆಚ್ಚಿನವರು ಹೇಳುತ್ತಾರೆ. ಅಂದರೆ ಹಣ ಕೊಟ್ಟವರಿಗೂ ನಷ್ಟವಿಲ್ಲ.

ಇಲ್ಲೂ ಒಂದು ಕೊರತೆ ಇದೆ. ಚಿತ್ರ 8 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಈ 8 ಸೆಕೆಂಡ್ ಎಲ್ಲಿಂದ ಬಂತು ಎಂದು ಹುಡುಕಿದರೆ, ಅಮೆರಿಕದ ಹೆದ್ದಾರಿ ಇಲಾಖೆಯ 2007ರ ಒಂದು ಸೂಚನೆ ಸಿಗುತ್ತದೆ. ಒಂದು ಚಿತ್ರ 4ರಿಂದ 10 ಸೆಕೆಂಡ್ ನಿಲ್ಲಬೇಕು, 8 ಇದ್ದರೆ ಒಳ್ಳೆಯದು ಎಂದು ಅದರಲ್ಲಿದೆ. ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಗಡಿಯಾರದಿಂದ ಶುರುಮಾಡಿದರೆ ಹೇಗೆ? ರಸ್ತೆಯಿಂದ ಶುರುಮಾಡಬೇಕು. ಆ ಬೋರ್ಡ್ ಸುಮಾರು 300 ಮೀಟರ್ ದೂರದಿಂದಲೇ ಕಾಣುತ್ತದೆ. 60ರ ವೇಗದಲ್ಲಿ ಅಷ್ಟು ದೂರ ಹೋಗಲು 18 ಸೆಕೆಂಡ್ ಬೇಕು. 8 ಸೆಕೆಂಡಿಗೊಮ್ಮೆ ಬದಲಾದರೆ ಪ್ರತಿ ಚಾಲಕನ ಎದುರೂ ಕನಿಷ್ಠ ಎರಡು ಸಲ ಬದಲಾಗುತ್ತದೆ. ಅಂದರೆ ಕಣ್ಣನ್ನು ಎರಡು ಸಲ ಕರೆಯುತ್ತದೆ. 20 ಸೆಕೆಂಡ್ ನಿಲ್ಲಿಸಿದರೆ ಹೆಚ್ಚೆಂದರೆ ಒಂದು ಸಲ, ಕೆಲವರಿಗೆ ಒಂದು ಸಲವೂ ಇಲ್ಲ. ಬೋರ್ಡ್ ಎಷ್ಟು ದೂರದಿಂದ ಕಾಣುತ್ತದೆ, ಅಲ್ಲಿನ ವೇಗ ಎಷ್ಟು, ಇವೆರಡು ಗೊತ್ತಿದ್ದರೆ ಸಾಕು. ಯಾರು ಬೇಕಾದರೂ ಲೆಕ್ಕ ಹಾಕಬಹುದು. ನನ್ನ ಮಟ್ಟಿಗೆ ಬೋರ್ಡ್ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವ ಮೊದಲ ಪರೀಕ್ಷೆ ಇದೇ.

ಹಾಗೆ ಯಾಕೆ ಮಾಡುವುದಿಲ್ಲ ಎಂದರೆ, ಬೋರ್ಡಿನ ಸಮಯವನ್ನು ತುಂಡು ತುಂಡು ಮಾಡಿ ಮಾರುತ್ತಾರೆ. ಒಂದು ಸುತ್ತಿನಲ್ಲಿ ತುಂಡು ಜಾಸ್ತಿ ಇದ್ದರೆ ಗಿರಾಕಿಗಳೂ ಜಾಸ್ತಿ. ಚಿತ್ರ ನಿಲ್ಲುವ ಹೊತ್ತು ಹೆಚ್ಚಿದರೆ ಮಾರಲು ತುಂಡು ಕಡಿಮೆ. ವ್ಯಾಪಾರ ನನಗೆ ಅರ್ಥವಾಗುತ್ತದೆ. ಆದರೆ ಆ ಜಾಸ್ತಿ ತುಂಡುಗಳ ಭಾರ ಹೊರುವವರು ರಸ್ತೆಯಲ್ಲಿರುವವರು, ಅವರ ಒಪ್ಪಿಗೆ ಯಾರೂ ಕೇಳಿಲ್ಲ.

ಮೂರನೆಯದರ ಬಗ್ಗೆ ಹೇಳಲು ಹೆಚ್ಚಿಲ್ಲ. ಬಸ್ ತಂಗುದಾಣದ ಪರದೆ ಕಾಯುವ ಜನರ ಕಡೆ ತಿರುಗಿದೆ, ರಸ್ತೆಗೆ ಅದರ ಬೆನ್ನು. ಅವರಿಗೆ ಹೊತ್ತಿದೆ, ಕೈಯಲ್ಲಿ ಸ್ಟೀರಿಂಗ್ ಇಲ್ಲ. ಕ್ಯೂಆರ್ ಕೋಡ್, ವಿಡಿಯೋ, ಸೆಕೆಂಡ್ ಎಣಿಸುವ ಗಡಿಯಾರ ಎಲ್ಲವೂ ಅಲ್ಲಿ ಇರಲಿ. ಐದಕ್ಕೆ ಐದು ಸ್ಟಾರ್.

ಎಲ್ಲ ಬೋರ್ಡ್ ಕಿತ್ತುಹಾಕಿ ಎನ್ನುವವರೂ ಇದ್ದಾರೆ. ಅದು ಆಗದ ಮಾತೇನಲ್ಲ. ಬ್ರೆಜಿಲ್‌ನ ಸಾವೊ ಪಾಲೊ ನಗರ 2007ರಿಂದ ಹೊರಾಂಗಣ ಜಾಹೀರಾತು ಫಲಕಗಳನ್ನು ತೆಗೆಸಿತು. ಅಮೆರಿಕದ ವರ್ಮಾಂಟ್ ರಾಜ್ಯ 1968ರಲ್ಲೇ ಕಾನೂನು ಮಾಡಿತು, ಹವಾಯಿ, ಮೇನ್, ಅಲಾಸ್ಕಾಗಳಲ್ಲೂ ನಿಷೇಧ ಇದೆ. ಅಲ್ಲೆಲ್ಲ ಮುಖ್ಯವಾಗಿ ಊರಿನ, ಬೆಟ್ಟಗುಡ್ಡದ ಅಂದ ಕಾಪಾಡುವುದು ಉದ್ದೇಶವಾಗಿತ್ತು. ನನ್ನ ಅಭಿಪ್ರಾಯ ಅಷ್ಟು ದೂರ ಹೋಗುವುದಿಲ್ಲ. ಇವುಗಳಿಂದ ಉಪಯೋಗವೂ ಇದೆ. ಅಮೆರಿಕದಲ್ಲಿ ಮಕ್ಕಳು ಅಪಹರಣವಾದಾಗ ಹೊರಡಿಸುವ ಆಂಬರ್ ಅಲರ್ಟ್ ಈ ಬೋರ್ಡ್‌ಗಳಲ್ಲೂ ಬರುತ್ತದೆ. ಮುಂದೆ ರಸ್ತೆ ಮುಚ್ಚಿದೆ ಎಂದು ಹೇಳಲು ಇದಕ್ಕಿಂತ ಬೇಗದ ದಾರಿ ಕಡಿಮೆ. ಆದರೆ ವೃತ್ತ, ತಿರುವು, ಲೇನ್ ಕೂಡುವ ಜಾಗ, ಶಾಲೆಯ ಮುಂದೆ, ಈ ಕಡೆಗಳಲ್ಲಿ ಮಾತ್ರ ಯಾವ ಹೊಂದಾಣಿಕೆಯೂ ಸಾಲದು. ಬೆಳಕು ಇಳಿಸಿದರೂ, ಚಿತ್ರ ನಿಲ್ಲಿಸಿದರೂ ಅಲ್ಲಿ ಬೇಡ. ಅಲ್ಲಿ ಓಡಿಸುವವರ ಬಳಿ ಬಿಡುವಿನ ಗಮನ ಎಂಬುದೇ ಇರುವುದಿಲ್ಲ.

ವೃತ್ತದ ಬೋರ್ಡ್ ಬಗ್ಗೆ ದೂರು ಕೊಟ್ಟೆ. ಕಂಬದ ಬುಡದಲ್ಲಿ ಒಂದು ತಗಡಿನ ಮೇಲೆ ಬೋರ್ಡಿನ ನಂಬರ್, ಫೋನ್ ನಂಬರ್ ಇರುತ್ತದೆ. ನಿಮ್ಮ ದಾರಿಯ ಬೋರ್ಡಿಗೂ ಇರಬಹುದು, ನೋಡಿ. ಫೋನ್ ಎತ್ತಿದ ಹೆಂಗಸು ತಾಳ್ಮೆಯಿಂದ ಕೇಳಿದರು. ಯಾವ ಹೊತ್ತು, ಯಾವ ದಿಕ್ಕು, ಯಾವ ಬಣ್ಣ ಎಂದೆಲ್ಲ ಬರೆದುಕೊಂಡರು. "ತುಂಬಾ ಬೆಳಕು" ಎಂದಷ್ಟೇ ಹೇಳಿದರೆ ಅವರಿಗೂ ಏನು ಮಾಡಬೇಕು ಎಂದು ತಿಳಿಯುವುದಿಲ್ಲ, ಹಾಗಾಗಿ ಹೊತ್ತು, ದಿಕ್ಕು ಹೇಳಿ. ಕೆಲವು ವಾರಗಳ ಮೇಲೆ ರಾತ್ರಿಯ ಬೆಳಕು ಇಳಿಯಿತು. ಡ್ಯಾಶ್‌ಬೋರ್ಡ್ ಈಗ ಬಣ್ಣ ಬದಲಿಸುವುದಿಲ್ಲ. ಕ್ಯೂಆರ್ ಕೋಡ್ ಕೂಡ ಮತ್ತೆ ಕಂಡಿಲ್ಲ. ಜಾಗದ ಬಗ್ಗೆ ಕೇಳಿದಾಗ ಮಾತ್ರ "ಅನುಮತಿ ಇದೆ ಮೇಡಂ" ಎಂದರು. ಹಸಿರು ಪರದೆ, ವಿಡಿಯೋ ಇನ್ನೂ ಬರುತ್ತಿವೆ. ಅನುಮತಿ ಕೊಟ್ಟ ಕಚೇರಿಗೆ ಫೋಟೊ ಸಮೇತ ಬರೆದಿದ್ದೇನೆ. ಸಿಗ್ನಲ್ ದೀಪ ಬೋರ್ಡಿನೊಳಗೆ ಮುಳುಗಿರುವುದು ಆ ಫೋಟೊದಲ್ಲಿ ಚೆನ್ನಾಗಿ ಬಂದಿದೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಸದ್ಯಕ್ಕೆ ನೇರ ರಸ್ತೆಯ ಬೋರ್ಡ್‌ಗೆ ಮೂರೂವರೆ ಸ್ಟಾರ್, 20 ಸೆಕೆಂಡ್ ನಿಲ್ಲಿಸಿದರೆ ನಾಲ್ಕೂವರೆ. ವೃತ್ತದ್ದಕ್ಕೆ ಮೊದಲು ಒಂದೂ ಕೊಡುತ್ತಿರಲಿಲ್ಲ, ಬೆಳಕು ಇಳಿಸಿದ್ದಕ್ಕೆ ಒಂದು. ಹೊಸದಾಗಿ ಕಲಿಯುವವರನ್ನು ಆ ಕಡೆ ಕರೆದುಕೊಂಡು ಹೋಗುವುದನ್ನು ಕೊನೆಯ ವಾರಕ್ಕೆ ಇಟ್ಟಿದ್ದೇನೆ. ಅಲ್ಲಿಯವರೆಗೆ ಹಿಂದಿನ ರಸ್ತೆಯಲ್ಲಿ ಸುತ್ತಿ ಹೋಗುತ್ತೇವೆ.